ಕೆಪ್ಪಟರಾಯನ ಮೇಲೊಂದು ದೂರು

ನಮ್ಮ ಹೆಡ್ಮಾಸ್ಟ್ರು ಬಾಯಲ್ಲಿ ಎಷ್ಟು ಸಲ ಬೇಕಾದರೂ ಹೇಳುತ್ತಿದ್ದ, ಆದರೆ ಕಾಗದದಲ್ಲಿ ಬರೆಯಲು ಹೆದರುತ್ತಿದ್ದ ಶಬ್ದ ಒಂದಿತ್ತು. ರೋಗ. ತಮ್ಮ ಸೊಂಟದ ವಾತ, ಹೆಂಡತಿಯ ಉಬ್ಬಸ, ದನದ ಕಾಲುಬಾಯಿ ಜ್ವರ, ಇವುಗಳ ಬಗ್ಗೆ ಅವರು ಮಧ್ಯಾಹ್ನದ ಗಂಜಿ ತಣಿಯುವವರೆಗೂ ಮಾತಾಡಬಲ್ಲರು. ಸರಕಾರಕ್ಕೆ ಹೋಗುವ ಕಾಗದದಲ್ಲಿ ಮಾತ್ರ ಆ ಎರಡಕ್ಷರ ಬೀಳಕೂಡದು.

ಅದಕ್ಕೆ ಕಾರಣವೂ ಇತ್ತು. ನಾವಿನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಅವರು ಅರಂತೋಡಿನ ಹತ್ತಿರ ಒಂದು ಶಾಲೆಯಲ್ಲಿದ್ದರಂತೆ. ಊರಲ್ಲಿ ಸಿಡುಬು ಕಾಣಿಸಿತು. ಇವರು ನಿಯಮ ಪ್ರಕಾರ ಬರೆದು ತಿಳಿಸಿದರು. ದಾಕು, ಎಂದರೆ ಸಿಡುಬಿನ ಚುಚ್ಚುಮದ್ದು, ಹಾಕುವವ ಪೆಟ್ಟಿಗೆ ಹಿಡಿದು ಬಂದ. ಅವನು ಪೆಟ್ಟಿಗೆಯ ಮುಚ್ಚಳ ತೆಗೆಯುವ ಮೊದಲೇ ಮಕ್ಕಳು ಕಿಟಕಿಯಿಂದ ಹಾರಿದ್ದರು, ತಾಯಂದಿರು ಕೈಕೂಸುಗಳನ್ನು ಎತ್ತಿಕೊಂಡು ಗುಡ್ಡ ಹತ್ತಿದ್ದರು. ಆಮೇಲೆ ಬಹಳ ದಿನ ಶಾಲೆ ಖಾಲಿ. ಶಾಲಾ ಇನ್ಸ್‌ಪೆಕ್ಟರು ಬಂದು ಹಾಜರಿ ಯಾಕೆ ಬಿದ್ದಿದೆ ಎಂದು ಕೇಳಿದರು, ಉತ್ತರಕ್ಕೆ ಕಾಯದೆ ಇವರನ್ನು ಕಡಬದ ಹೊಳೆಯಾಚೆಗೆ ವರ್ಗ ಮಾಡಿಬಿಟ್ಟರು.

"ಟೀಚರ್, ಸಿಡುಬು ಬಂದವರೆಲ್ಲ ಗುಣ ಆಗಿ ಅಲ್ಲೇ ಇದ್ದಾರೆ," ಎಂದು ಅವರು ನನಗೆ ಹೇಳುವುದಿತ್ತು. "ಊರು ಬಿಟ್ಟದ್ದು ನಾನೊಬ್ಬ."

ನಾನು ಆ ಹೊಳೆಯಾಚೆಯ ಶಾಲೆಗೆ ಹೊಸ ಟೀಚರಾಗಿ ಹೋದವಳು. ನನ್ನ ಮನೆ ಪುತ್ತೂರಿನ ದರ್ಬೆಯಲ್ಲಿ. ಬಸ್ಸು, ದೋಣಿ, ಆಮೇಲೆ ಕಾಲುದಾರಿ, ಹೀಗೆ ಹೋಗಬೇಕಾದ ಊರಾದ್ದರಿಂದ ವಾರವಿಡೀ ಅಲ್ಲೇ ಪಟೇಲರ ಮನೆಯ ಚಾವಡಿಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದೆ. ಶಾಲೆಯಲ್ಲಿ ಇದ್ದದ್ದು ನಾವಿಬ್ಬರೇ, ಹೆಡ್ಮಾಸ್ಟ್ರು ಮತ್ತು ನಾನು. ಒಂದೇ ಉದ್ದನೆಯ ಹಾಲ್‌ಗೆ ಬಿದಿರಿನ ತಟ್ಟಿ ಅಡ್ಡ ಇಟ್ಟು ಐದು ಕ್ಲಾಸು ಮಾಡಿದ್ದರು. ಒಂದನೇ ಕ್ಲಾಸಿನ ಮಗ್ಗಿ ಐದನೇ ಕ್ಲಾಸಿನ ಚರಿತ್ರೆಯೊಳಗೆ ಧಾರಾಳವಾಗಿ ಬಂದು ಹೋಗುತ್ತಿತ್ತು.

ಆಗ ಸುಳ್ಯವೂ ಕಡಬವೂ ಪುತ್ತೂರು ತಾಲೂಕಿನೊಳಗೇ ಇದ್ದವು. ರಾಜ್ಯಗಳು ಹೊಸದಾಗಿ ವಿಂಗಡವಾಗಿ ನಾವು ಮೈಸೂರಿಗೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಘಟ್ಟದ ಮೇಲಿನಿಂದ ಒಬ್ಬೊಬ್ಬರೇ ಅಧಿಕಾರಿಗಳು ಇಳಿದು ಬರುತ್ತಿದ್ದರು. ಅವರೂ ಕನ್ನಡದವರೇ, ನಾವೂ ಕನ್ನಡದವರೇ, ಆದರೂ ಪರಸ್ಪರ ಮಾತಾಡುವಾಗ ಎರಡೂ ಕಡೆಯವರು ಸ್ವಲ್ಪ ಕುತ್ತಿಗೆ ಮುಂದೆ ಮಾಡಿ ಕೇಳಬೇಕಾಗುತ್ತಿತ್ತು. ಹಾಗೆ ಬಂದವರಲ್ಲಿ ತಾಲೂಕಿನ ಹೆಲ್ತ್ ಆಫೀಸರೂ ಒಬ್ಬರು. ಬಂದ ಕೂಡಲೇ ಅವರು ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ ಕಳಿಸಿದರು. ಒಬ್ಬರಿಂದೊಬ್ಬರಿಗೆ ಹರಡುವ ಯಾವ ಕಾಯಿಲೆ ಶಾಲೆಯಲ್ಲಿ ಕಂಡರೂ ತಡಮಾಡದೆ ಬರೆದು ತಿಳಿಸತಕ್ಕದ್ದು ಎಂದು ಅದರ ಸಾರ. ಹೆಡ್ಮಾಸ್ಟ್ರು ಅದನ್ನು ಓದಿ, ನಾಲ್ಕಾಗಿ ಮಡಚಿ, ಗೋಡೆಯ ಗಡಿಯಾರದ ಹಿಂದೆ ಸಿಕ್ಕಿಸಿದರು.

"ಬಂದರೆ ನೋಡುವ," ಎಂದರು.

ಬಂದದ್ದು ಕೆಪ್ಪಟರಾಯ.

ಕೆಪ್ಪಟರಾಯ ಎಂದರೆ ನಮ್ಮ ಕಡೆ ಕಿವಿಯ ಕೆಳಗೆ, ಕೆನ್ನೆಯ ಬುಡದಲ್ಲಿ ಊದಿಕೊಳ್ಳುವ ಜ್ವರ. ಘಟ್ಟದ ಮೇಲೆ ಅದಕ್ಕೆ ಮಂಗನ ಬಾವು, ಗದ್ದದ ಬಾವು ಎಂದೆಲ್ಲ ಹೇಳುತ್ತಾರಂತೆ. ನಮ್ಮವರು ಅದಕ್ಕೆ ರಾಯ ಎಂಬ ಮರ್ಯಾದೆ ಯಾಕೆ ಕೊಟ್ಟರೋ ಗೊತ್ತಿಲ್ಲ. ಕೊಟ್ಟ ಮೇಲೆ ಅವನು ಮನುಷ್ಯನೇ ಆಗಿಬಿಟ್ಟ. ಅವನು ಬರುತ್ತಾನೆ, ಹಿಡಿಯುತ್ತಾನೆ, ಒಂದು ವಾರ ಕೂತು ಹೋಗುತ್ತಾನೆ. ಯಾರ ಮನೆಯಲ್ಲಾದರೂ "ಅವ ಬಂದಿದ್ದಾನಾ" ಎಂದು ಕೇಳಿದರೆ ಯಾರು ಎಂದು ಮರಳಿ ಕೇಳುವವರಿಲ್ಲ.

ಮೊದಲು ಹಿಡಿದದ್ದು ಪಟೇಲರ ಮಗಳನ್ನು, ಮೂರನೇ ಕ್ಲಾಸಿನವಳು. ಎರಡು ವಾರ ಕಳೆಯುವಷ್ಟರಲ್ಲಿ ಅವಳ ಬೆಂಚಿನವರನ್ನು. ಆಮೇಲೆ ತಟ್ಟಿಯ ಸಂದಿನಿಂದ ಎರಡನೇ ಕ್ಲಾಸಿಗೂ ನುಗ್ಗಿದ. ಮದ್ದು ಮನೆಮನೆಗೊಂದು. ಕೆಲವರು ಕೆಮ್ಮಣ್ಣು ಅರೆದು ಹಚ್ಚಿದರು, ಕೆಲವರು ಬಟ್ಟೆಗೆ ಹಾಕುವ ನೀಲಿಯನ್ನೇ ಕಲಸಿ ಕಿವಿಯಿಂದ ಗಲ್ಲದವರೆಗೆ ಬಳಿದರು. ಜ್ವರ ಇಳಿದ ಮಕ್ಕಳು ಊದಿದ ನೀಲಿ ಕೆನ್ನೆ, ಕೆಂಪು ಕೆನ್ನೆ ಹೊತ್ತು ಶಾಲೆಗೆ ಬಂದು ಕೂತರೆ, ನಾನು ಹಾಜರಿ ಕರೆಯುವಾಗ ಯಕ್ಷಗಾನದ ಚೌಕಿಯೊಳಗೆ, ಬಣ್ಣ ಹಚ್ಚಿಕೊಳ್ಳುವ ವೇಷದವರ ನಡುವೆ ನಿಂತ ಹಾಗೆ ಆಗುತ್ತಿತ್ತು.

ಇವೆಲ್ಲಕ್ಕಿಂತ ಮೇಲಿನ ಮದ್ದು ಚಿನ್ನದ ಸರ. ಕೊರಳಿಗೆ ಚಿನ್ನ ಹಾಕಿದರೆ ಕೆಪ್ಪಟರಾಯ ಬೇಗ ಇಳಿಯುತ್ತಾನೆ ಎಂಬ ನಂಬಿಕೆ. ಪಟೇಲರ ತಾಯಿ, ನಾವೆಲ್ಲ ಅಜ್ಜಿ ಎನ್ನುತ್ತಿದ್ದವರು, ತಮ್ಮ ಅವಲಕ್ಕಿ ಸರವನ್ನು ಮೊಮ್ಮಗಳ ಕೊರಳಿಗೆ ಹಾಕಿದರು. ಅವಳ ಬಾವು ಇಳಿಯಿತು. ಸುದ್ದಿ ಹಬ್ಬಿತು. ಊರಲ್ಲಿ ಅಷ್ಟು ಉದ್ದದ ಸರ ಬೇರೆ ಯಾರಲ್ಲೂ ಇರಲಿಲ್ಲ. ಕೇಳಿದವರಿಗೆ ಇಲ್ಲ ಎನ್ನುವ ಜನ ಅಜ್ಜಿಯಲ್ಲ. ಹಾಗೆ ಆ ಸರ ಒಂದು ಮನೆಯಿಂದ ಇನ್ನೊಂದು ಮನೆಗೆ ಹೊರಟಿತು. ಸರ ಬೇಕಾದವರು ಇನ್ನೂ ಬಾವು ಬಾರದ ಸಣ್ಣ ಮಗುವನ್ನೂ ಎತ್ತಿಕೊಂಡೇ ಹೋಗಿ, ಬಾವು ಇರುವ ಮಗುವಿನ ಪಕ್ಕದಲ್ಲಿ ಕೂತು, ಕಾಫಿ ಕುಡಿದು, ಸರ ತೆಗೆದುಕೊಂಡು ಬರುತ್ತಿದ್ದರು.

"ಆಫೀಸರಿಗೆ ಬರೆಯುವ ಅಲ್ವಾ?" ಎಂದು ನಾನು ಹೆಡ್ಮಾಸ್ಟ್ರನ್ನು ಕೇಳಿದೆ.

"ಕೆಪ್ಪಟರಾಯನಿಗೆ ಯಾರಾದರೂ ಬರೆಯುದುಂಟಾ? ತಾನಾಗಿ ಬರ್ತಾನೆ, ತಾನಾಗಿ ಹೋಗ್ತಾನೆ."

ಆ ವಾರದ ಕೊನೆಗೆ ಅವರ ಬಲಗೆನ್ನೆ ಊದಿತು. ಪ್ರಾಯದವರಿಗೆ ಬಂದರೆ ಹೆಚ್ಚು ತೊಂದರೆ ಎಂದು ಯಾರೋ ಹೆದರಿಸಿದ್ದರು. ಕೆನ್ನೆಗೆ ವಸ್ತ್ರ ಕಟ್ಟಿಕೊಂಡು, ತಲೆಯ ಮೇಲೆ ಗಂಟು ಹಾಕಿಕೊಂಡು ಶಾಲೆಗೆ ಬಂದವರು ಗಡಿಯಾರದ ಹಿಂದಿನ ಕಾಗದ ತೆಗೆದು ನನ್ನ ಮುಂದಿಟ್ಟರು.

"ಬರೆಯಿರಿ ಟೀಚರ್. ನಾಜೂಕಾಗಿ ಬರೆಯಿರಿ."

ನಾನು ಮೊದಲ ಸಾಲು ಬರೆದೆ: ಶಾಲೆಯಲ್ಲಿ ಹರಡಿರುವ ಸಾಂಕ್ರಾಮಿಕ ರೋಗದ ಕುರಿತು. ಅವರು ನನ್ನ ಭುಜದ ಹಿಂದಿನಿಂದಲೇ ನೋಡಿ, "ರೋಗ ತೆಗೆಯಿರಿ," ಎಂದರು.

"ರೋಗ ತೆಗೆದರೆ ಸಾಂಕ್ರಾಮಿಕ ಎಂತದ್ದು ಮಾಸ್ಟ್ರೆ?"

"ಅದನ್ನೂ ತೆಗೆಯಿರಿ."

"ಮತ್ತೆ ಎಂತ ಬರೆಯುದು?"

ಅವರು ಕೆನ್ನೆ ಹಿಡಿದುಕೊಂಡು ಸ್ವಲ್ಪ ಯೋಚಿಸಿ, "ಶಾಲೆಗೆ ಆಗುತ್ತಿರುವ ಉಪದ್ರದ ಕುರಿತು," ಎಂದರು. ಉಪದ್ರ ಒಳ್ಳೆಯ ಶಬ್ದ, ಅದಕ್ಕೆ ಯಾರೂ ಶಾಲೆ ಮುಚ್ಚಿಸುವುದಿಲ್ಲ ಎಂದು ಅವರ ಲೆಕ್ಕ. ಜ್ವರ ಎಂದು ಬರೆದಿದ್ದೆ, ಅದೂ ಹೋಯಿತು. ಎಂತ ಜ್ವರ ಅಂತ ತಿರುಗಿ ಕೇಳುತ್ತಾರೆ ಎಂದರು. ಬಾವು ಎಂದು ಬರೆದೆ. ಬಾವು ಆಸ್ಪತ್ರೆಯ ಶಬ್ದ, ಬೇಡ ಎಂದರು. ಕೊನೆಗೆ ಅವರು ಹೇಳಿ ನಾನು ಬರೆದು, ಅವರ ಪರವಾಗಿ ನನ್ನ ಸಹಿಯೂ ಬಿದ್ದು, ಉಳಿದ ಕಾಗದ ಹೀಗಿತ್ತು:

"ಮಾನ್ಯರೇ, ನಮ್ಮ ಶಾಲೆಗೆ ಕೆಪ್ಪಟರಾಯ ಬಂದಿರುತ್ತಾನೆ. ಮೊದಲು ಮೂರನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಹಿಡಿದು, ತರುವಾಯ ಅದೇ ಕ್ಲಾಸಿನ ಹೆಚ್ಚಿನ ಮಕ್ಕಳನ್ನು ಹಿಡಿದಿರುತ್ತಾನೆ. ಮಕ್ಕಳು ಕೆನ್ನೆ ಊದಿ, ಊಟ ಮಾಡಲಾರದೆ ಅಳುತ್ತಿದ್ದಾರೆ. ಹೆಡ್ಮಾಸ್ಟ್ರನ್ನೂ ಬಿಟ್ಟಿರುವುದಿಲ್ಲ. ತಾವು ದಯವಿಟ್ಟು ತಕ್ಕ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ."

ಓದಿದಾಗ ನನಗೆ ಯಾವ ಸಂಶಯವೂ ಬರಲಿಲ್ಲ. ಕೆಪ್ಪಟರಾಯ ಯಾರು ಎಂದು ಗೊತ್ತಿಲ್ಲದ ಮನುಷ್ಯರು ಪ್ರಪಂಚದಲ್ಲಿ ಇದ್ದಾರೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಹೆಲ್ತ್ ಆಫೀಸರು ಅಂಥ ಮನುಷ್ಯ. ಕಾಗದವನ್ನು ಎರಡು ಸಲ ಓದಿದೆ ಎಂದು ಆಮೇಲೆ ಅವರೇ ನನಗೆ ಹೇಳಿದರು. ಅವರ ಕಚೇರಿಯ ಗುಮಾಸ್ತ ಊರಿನವನು, ಅವನಿದ್ದಿದ್ದರೆ ಅಲ್ಲೇ ಮುಗಿಯುತ್ತಿತ್ತು. ಅವನು ಆ ದಿನ ರಜೆಯಲ್ಲಿದ್ದ. ರಾಯ ಎಂಬ ಹೆಸರಿನ ಯಾವನೋ ಪುಂಡ ಶಾಲೆಗೆ ನುಗ್ಗಿ ಮಕ್ಕಳನ್ನು ಹಿಡಿದು ಕೆನ್ನೆಗೆ ಹೊಡೆಯುತ್ತಿದ್ದಾನೆ, ತಡೆಯಲು ಹೋದ ಮುಖ್ಯೋಪಾಧ್ಯಾಯರಿಗೂ ಬಿದ್ದಿದೆ, ಪಾಪ ಆ ಹೆಣ್ಣುಮಗಳು ಗಾಬರಿಯಲ್ಲಿ ಯಾರಿಗೆ ಬರೆಯಬೇಕು ಎಂದು ತಿಳಿಯದೆ ನನಗೆ ಬರೆದಿದ್ದಾಳೆ ಎಂದು ಅವರು ತಿಳಿದರು. ಒಳ್ಳೆಯ ಮನುಷ್ಯ. ಕಾಗದದ ಮೇಲೆ "ತಮ್ಮ ಇಲಾಖೆಗೆ ಸಂಬಂಧಿಸಿದ್ದು, ತುರ್ತು" ಎಂದು ಬರೆದು ಅದೇ ದಿನ ನಮ್ಮ ಭಾಗದ ಪೊಲೀಸ್ ಠಾಣೆಗೆ ಕಳಿಸಿಕೊಟ್ಟರು.

ಠಾಣೆಯ ಸಬ್ಇನ್ಸ್‌ಪೆಕ್ಟರೂ ಘಟ್ಟದ ಮೇಲಿನವರು. ಪ್ರಾಯ ಸಣ್ಣದು, ಹೊಸ ಕೆಲಸ. ಮರುದಿನ ಬೆಳಿಗ್ಗೆಯೇ ಒಬ್ಬ ಕಾನ್‌ಸ್ಟೇಬಲನ್ನು ಕರೆದುಕೊಂಡು ದೋಣಿ ಹತ್ತಿದರು. ಕಾನ್‌ಸ್ಟೇಬಲ್ ಪುತ್ತೂರಿನ ಕಡೆಯವನು, ತುಳು ಮಾತಿನವನು. ಅವನಿಗೆ ಕಾಗದ ತೋರಿಸಿರಲಿಲ್ಲ. ದಾರಿಯಲ್ಲಿ ನಡೆದ ಮಾತುಕತೆಯನ್ನು ಅವನು ಆಮೇಲೆ ಎಷ್ಟು ಮನೆಗಳಲ್ಲಿ ಹೇಳಿದನೋ, ನನಗೂ ಹೇಳಿದ.

"ಈ ಕೆಪ್ಪಟರಾಯ ನಿಮಗೆ ಗೊತ್ತೇನ್ರೀ?" ಎಂದು ಸಬ್ಇನ್ಸ್‌ಪೆಕ್ಟರು ಕೇಳಿದರಂತೆ.

"ಗೊತ್ತಿಲ್ಲದೆ ಎಂತ ಸಾರ್. ಈ ಕಡೆ ಎಲ್ಲರಿಗೂ ಗೊತ್ತುಂಟು."

"ನೀವು ಕಂಡಿದ್ದೀರಾ?"

"ಕಾಣುದು ಎಂತ, ನನ್ನನ್ನೇ ಹಿಡಿದಿದ್ದ, ಸಣ್ಣದರಲ್ಲಿ."

"ಹಿಡಿದು ಏನ್ ಮಾಡ್ದ?"

"ಎರಡೂ ಕೆನ್ನೆ ಊದಿಸಿ ಹಾಕಿದ ಸಾರ್. ಗಂಜಿತೆಳಿ ಬಿಟ್ಟು ಬೇರೆ ಎಂತದೂ ಇಳಿಯುತ್ತಿರಲಿಲ್ಲ."

"ನಿಮ್ಮಪ್ಪ ಸುಮ್ಮನೆ ನೋಡ್ತಾ ಇದ್ರಾ?"

"ಅಪ್ಪನನ್ನೂ ಅದೇ ವಾರ ಹಿಡಿದದ್ದು."

ಸಬ್ಇನ್ಸ್‌ಪೆಕ್ಟರು ಬೆತ್ತವನ್ನು ಕಂಕುಳಿಗೆ ಸಿಕ್ಕಿಸಿ ಹೆಜ್ಜೆ ಜೋರು ಮಾಡಿದರು. ಆಮೇಲೆ, "ಇಷ್ಟು ವರ್ಷದಲ್ಲಿ ಒಬ್ಬರೂ ಕಂಪ್ಲೇಂಟ್ ಕೊಡ್ಲಿಲ್ವಾ?" ಎಂದರು.

"ಕೆಪ್ಪಟರಾಯನ ಮೇಲೆ ಕಂಪ್ಲೇಂಟಾ ಸಾರ್?" ಎಂದ ಕಾನ್‌ಸ್ಟೇಬಲ್. ಸಾಹೇಬರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವನು ನಕ್ಕದ್ದನ್ನು, ಈ ಊರಿನ ಜನ ಎಷ್ಟು ಹೆದರಿದ್ದಾರೆ ಎಂಬುದಕ್ಕೆ ಸಾಕ್ಷಿ ಎಂದು ಸಾಹೇಬರು ತಿಳಿದರು.

ಅವರು ಮೊದಲು ಹೋದದ್ದು ಹೆಡ್ಮಾಸ್ಟ್ರ ಮನೆಗೆ. ಅಷ್ಟರಲ್ಲಿ ಅವರ ಎಡಗೆನ್ನೆಯೂ ಊದಿ, ಮುಖದ ತುಂಬ ಕೆಮ್ಮಣ್ಣು ಒಣಗಿ, ವಸ್ತ್ರದೊಳಗೆ ಬರಿ ಕಣ್ಣು ಮೂಗು ಕಾಣುತ್ತಿದ್ದವು. ಬಾಯಿ ತೆರೆಯಲು ಆಗುತ್ತಿರಲಿಲ್ಲ. ಅಂಗಳದಲ್ಲಿ ಪೊಲೀಸರ ಟೊಪ್ಪಿ ಕಂಡದ್ದೇ ತಡ, ಅವರು ಚಾಪೆಯಲ್ಲಿ ಎದ್ದು ಕೂತರು.

"ಇದು ಅವನೇ ಮಾಡಿದ್ದಾ?" ಎಂದು ಸಬ್ಇನ್ಸ್‌ಪೆಕ್ಟರು ಕೆನ್ನೆ ತೋರಿಸಿ ಕೇಳಿದರು.

ಹೆಡ್ಮಾಸ್ಟ್ರು ಹೌದೆಂದು ತಲೆಯಾಡಿಸಿದರು.

"ಹೆದರ್ಬೇಡಿ. ಇನ್ಮೇಲೆ ನಾವಿದ್ದೀವಿ."

ಹೆಡ್ಮಾಸ್ಟ್ರಿಗೆ ಹೆದರಿಕೆಯಾದದ್ದು ಇವರನ್ನು ಕಂಡೇ. ಒಂದೇ ಒಂದು ಸಲವೂ ರೋಗ ಎಂದು ಬರೆಯದೆ ಇದ್ದರೂ ಪೊಲೀಸರು ಬಂದರಲ್ಲ ಎಂದು ಅವರ ಕಣ್ಣು ತುಂಬಿತ್ತಂತೆ. ಹಲ್ಲು ಬಿಡಿಸದೆ, "ಟೀಚರ್... ಬರೆದದ್ದು," ಎಂದು ಹೇಳಿ ಶಾಲೆಯ ಕಡೆ ಬೆರಳು ತೋರಿಸಿದರು. ಆಮೇಲೆ ಮಲಗಿಬಿಟ್ಟರು.

ಶಾಲೆಗೆ ಬರುವ ದಾರಿಯಲ್ಲೇ ಪಟೇಲರ ಮನೆ. ಪಟೇಲರು ಸುಳ್ಯಕ್ಕೆ ಹೋಗಿದ್ದರು. ಅಜ್ಜಿಯೂ ಮೊಮ್ಮಗಳೂ ಜಗಲಿಯಲ್ಲಿದ್ದರು. ಆ ಹುಡುಗಿಗೆ ಬಾವು ಇಳಿದಿದ್ದರೂ ಅಜ್ಜಿ ಇನ್ನೂ ಶಾಲೆಗೆ ಕಳಿಸುತ್ತಿರಲಿಲ್ಲ. ಮೊದಲು ಹಿಡಿದದ್ದು ಇವಳನ್ನೇ ಎಂದು ಗೊತ್ತಾದಾಗ ಸಬ್ಇನ್ಸ್‌ಪೆಕ್ಟರು ಮೆಟ್ಟಿಲ ಮೇಲೆ ಕೂತು ಮೆತ್ತಗೆ ಮಾತಾಡಿಸಿದರು. ನಿನ್ನೊಬ್ಬಳನ್ನೇ ಹಿಡಿದನಾ ಎಂದು ಕೇಳಿದರು.

"ತಮ್ಮನನ್ನೂ ಹಿಡಿದ," ಎಂದಳು ಹುಡುಗಿ. "ಅಜ್ಜಿಯನ್ನು ಹಿಡಿಯಲಿಲ್ಲ. ಅಜ್ಜಿಯನ್ನು ಅವರು ಸಣ್ಣದಿರುವಾಗಲೇ ಹಿಡಿದು ಬಿಟ್ಟಿದ್ದ."

ಸಬ್ಇನ್ಸ್‌ಪೆಕ್ಟರು ಅಜ್ಜಿಯ ಬೆಳ್ಳಗಿನ ತಲೆ ನೋಡಿ, "ಹಾಗಾದ್ರೆ ಅವನಿಗೆ ಈಗ ವಯಸ್ಸೆಷ್ಟು?" ಎಂದು ಕಾನ್‌ಸ್ಟೇಬಲನ್ನು ಕೇಳಿದರು. ಕಾನ್‌ಸ್ಟೇಬಲನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಷ್ಟರಲ್ಲಿ ಅಜ್ಜಿ, ಮನೆಗೆ ಬಂದ ಸರಕಾರದವರ ಮುಂದೆ ತಮ್ಮ ಸರದ ಮಹಿಮೆ ಹೇಳದಿದ್ದರೆ ಹೇಗೆ ಎಂದು, ಮೊಮ್ಮಗಳ ಬರಿಯ ಕೊರಳು ತೋರಿಸಿ ಸುಳ್ಯದ ಕಡೆಯ ಮನೆಮಾತಾದ ತಮ್ಮ ಅರೆಭಾಷೆಯಲ್ಲಿ ಶುರುಮಾಡಿದರು. ಕಾನ್‌ಸ್ಟೇಬಲ್ ಅದನ್ನು ಕನ್ನಡ ಮಾಡಿ ಹೇಳಿದ.

"ಇವರ ಹತ್ತಿರ ಅವಲಕ್ಕಿ ಸರ ಒಂದು ಉಂಟಂತೆ ಸಾರ್. ಈಗ ಇಲ್ಲಿಲ್ಲ. ಕೆಪ್ಪಟರಾಯನಿಗೆ ಅಂತ ಕೊಟ್ಟದ್ದಂತೆ."

"ಚಿನ್ನದ್ದಾ?"

"ಚಿನ್ನದ್ದೇ."

"ಇವರಾಗೇ ಕೊಟ್ರಾ?"

ಕಾನ್‌ಸ್ಟೇಬಲ್ ಕೇಳಿದ. ಮನೆಬಾಗಿಲಿಗೆ ಬಂದು ಕೇಳಿದ ಮೇಲೆ ಕೊಡದೆ ಇರುವುದು ಹೇಗೆ ಎಂದರು ಅಜ್ಜಿ. ಸರ ಯಾವಾಗ ವಾಪಸು ಬರುತ್ತದೆ ಎಂದು ಕೇಳಿದ್ದಕ್ಕೆ, ಊರಿನ ಎಲ್ಲ ಮನೆಯದ್ದೂ ಮುಗಿದ ಮೇಲೆ ತಾನಾಗಿ ಬರುತ್ತದೆ ಎಂದರು. ಹೇಳುವಾಗ ಅವರ ಮುಖದಲ್ಲಿ ಚೂರೂ ಬೇಸರ ಇರಲಿಲ್ಲ.

ಮಕ್ಕಳ ಮೇಲೆ ಕೈಮಾಡುವುದಲ್ಲದೆ ಮನೆಮನೆಯಿಂದ ಚಿನ್ನವನ್ನೂ ಎತ್ತಿಸುತ್ತಿದ್ದಾನೆ ಎಂದಾದ ಮೇಲೆ ಸಬ್ಇನ್ಸ್‌ಪೆಕ್ಟರು ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅಜ್ಜಿ ಬೆಲ್ಲ ನೀರು ತರಲು ಒಳಗೆ ಹೋದವರು ಹೊರಗೆ ಬರುವಷ್ಟರಲ್ಲಿ ಪೊಲೀಸರಿಬ್ಬರೂ ಗೇಟು ದಾಟಿದ್ದರು.

ಶಾಲೆಯಲ್ಲಿ ನಾನೊಬ್ಬಳೇ ಐದೂ ಕ್ಲಾಸು ನೋಡಿಕೊಳ್ಳುತ್ತಿದ್ದೆ. ಐದನೆಯವರಿಗೆ ಭಾಗಾಕಾರ ಕೊಟ್ಟು, ಒಂದನೆಯವರಿಗೆ ಸ್ಲೇಟು ಒರೆಸಿಕೊಡುತ್ತಿದ್ದಾಗ ಬಾಗಿಲಲ್ಲಿ ಖಾಕಿ ಕಂಡಿತು. ಹೊರಗೆ ಹೋದೆ. ಸಬ್ಇನ್ಸ್‌ಪೆಕ್ಟರು ನನ್ನದೇ ಕಾಗದ ತೋರಿಸಿ, ಈ ಸಹಿ ನಿಮ್ಮದಾ ಎಂದು ಕೇಳಿದರು. ಹೌದೆಂದೆ. ಹೆಲ್ತ್ ಆಫೀಸಿಗೆ ಕಳಿಸಿದ ಕಾಗದ ಪೊಲೀಸರ ಕೈಯಲ್ಲಿ ಯಾಕೆ ಎಂದು ಆಶ್ಚರ್ಯವಾಯಿತು. ಮೈಸೂರು ಸರಕಾರದಲ್ಲಿ ಕಾಯಿಲೆಗಳನ್ನೂ ಇವರೇ ನೋಡಿಕೊಳ್ಳುತ್ತಾರೋ ಏನೋ ಎಂದುಕೊಂಡೆ. ಹೊಸ ಸರಕಾರ, ಹೊಸ ಕ್ರಮ.

"ಅವನು ಈಗೆಲ್ಲಿದ್ದಾನೆ?" ಎಂದರು, ಸ್ವರ ತಗ್ಗಿಸಿ.

"ಯಾರು ಸಾರ್?"

"ಕೆಪ್ಪಟರಾಯ."

"ಮೂರನೇ ಕ್ಲಾಸಿನಲ್ಲಿ ಮುಗಿಯಿತು. ಈಗ ಎರಡನೇ ಕ್ಲಾಸಿನಲ್ಲಿದ್ದಾನೆ."

"ಒಳಗಿದ್ದಾನಾ? ಈಗ?"

"ಹೌದು. ಆ ತಟ್ಟಿಯ ಹಿಂದೆ."

ಅವರು ನನ್ನನ್ನು ಪಕ್ಕಕ್ಕೆ ನಿಲ್ಲಲು ಸನ್ನೆ ಮಾಡಿದರು. ಕಾನ್‌ಸ್ಟೇಬಲನಿಗೆ ಹಿಂದಿನ ಬಾಗಿಲು ಕಾಯಲು ಹೇಳಿದರು. ಅವನು ಯಾಕೆ ಎಂದು ಕೇಳದೆ ಹೋಗಿ ಅಲ್ಲಿ ನಿಂತ. ಸಬ್ಇನ್ಸ್‌ಪೆಕ್ಟರು ಬೆತ್ತ ಹಿಡಿದು ತುದಿಗಾಲಲ್ಲಿ ಒಳಗೆ ಹೋಗಿ ಬಿದಿರಿನ ತಟ್ಟಿಯನ್ನು ಒಂದೇ ಸಲಕ್ಕೆ ಸರಿಸಿದರು. ಎರಡನೇ ಕ್ಲಾಸಿನ ಮಕ್ಕಳು ಯಾರೋ ದೊಡ್ಡ ಇನ್ಸ್‌ಪೆಕ್ಟರು ಬಂದರೆಂದು ಎದ್ದು ನಿಂತು ಕೈಮುಗಿದರು.

"ಇಲ್ಲಿ ಕೆಪ್ಪಟರಾಯ ಯಾರು?" ಎಂದು ಅವರು ಗಟ್ಟಿಯಾಗಿ ಕೇಳಿದರು.

ನಾವು ದಿನಾ ಬೆಳಿಗ್ಗೆ ಕೆಪ್ಪಟರಾಯ ಯಾರಿಗೆ ಎಂದು ಕೇಳಿ ಕೈ ಎತ್ತಿಸುವುದು ರೂಢಿಯಾಗಿತ್ತು. ನೀಲಿ ಕೆನ್ನೆಯ ಮೂವರೂ ಕೆಂಪು ಕೆನ್ನೆಯ ಒಬ್ಬಳೂ ಕೈ ಎತ್ತಿದರು. ಹಿಂದಿನ ಬೆಂಚಿನ ಇನ್ನೊಬ್ಬ, ಕೆನ್ನೆ ಮುಟ್ಟಿ ನೋಡಿಕೊಂಡು, ಅರ್ಧ ಕೈ ಎತ್ತಿದ. ಕೆಂಪು ಕೆನ್ನೆಯವಳ ಕೊರಳಲ್ಲಿ ಅಜ್ಜಿಯ ಅವಲಕ್ಕಿ ಸರ ಹೊಟ್ಟೆಯವರೆಗೆ ಇಳಿದಿತ್ತು.

ಸಬ್ಇನ್ಸ್‌ಪೆಕ್ಟರು ಆ ಕೈಗಳನ್ನು ನೋಡಿದರು, ಸರ ನೋಡಿದರು, ನನ್ನನ್ನು ನೋಡಿದರು. ನನಗೆ ಆಗ ವಿಷಯ ನಿಧಾನವಾಗಿ ತಲೆಗೆ ಹೋಗತೊಡಗಿತು.

"ಸಾರ್," ಎಂದೆ, "ಕೆಪ್ಪಟರಾಯ ಅಂದರೆ ಮನುಷ್ಯ ಅಲ್ಲ. ಅದೊಂದು ರೋಗ."

ಹಿಂದಿನ ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ಗೋಡೆಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು. ಸಬ್ಇನ್ಸ್‌ಪೆಕ್ಟರು ಟೊಪ್ಪಿ ತೆಗೆದು ಮಕ್ಕಳ ಬೆಂಚಿನ ತುದಿಯಲ್ಲಿ ಕೂತರು. ಬೆತ್ತ ಮಡಿಲಲ್ಲಿಟ್ಟುಕೊಂಡು ಒಂದು ಲೋಟ ನೀರು ಕೇಳಿದರು. ಕೆಂಪು ಕೆನ್ನೆಯವಳೇ ಓಡಿಹೋಗಿ ತನ್ನ ಲೋಟದಲ್ಲಿ ತಂದುಕೊಟ್ಟಳು. ಅವರು ಪೂರ್ತಿ ಕುಡಿದು, "ನಮ್ಮೂರಲ್ಲಿ ಮಂಗನ ಬಾವು ಅಂತೀವಮ್ಮ," ಎಂದರು. ಸ್ವಲ್ಪ ಹೊತ್ತಿನ ಮೇಲೆ, "ರಾಯ ಅಂತ ಯಾಕ್ರೀ ಕರೀತೀರಿ ಅದನ್ನ?" ಎಂದರು. ಸಿಟ್ಟು ಮಾಡದೆ, ಮಕ್ಕಳಿಗೆಲ್ಲ ಕೂತುಕೊಳ್ಳಲು ಹೇಳಿ, ತಟ್ಟಿಯನ್ನು ತಾವೇ ಮೊದಲಿದ್ದಲ್ಲಿಗೆ ಇಟ್ಟು ಹೋದರು.

ಎರಡು ದಿನದಲ್ಲಿ ಹೆಲ್ತ್ ಆಫೀಸರೇ ಬಂದರು. ಎಲ್ಲ ಮಕ್ಕಳ ಕೆನ್ನೆ ಮುಟ್ಟಿ ನೋಡಿ, ಹೆಡ್ಮಾಸ್ಟ್ರು ಇಷ್ಟು ವರ್ಷ ಹೆದರುತ್ತಿದ್ದ ಕೆಲಸವನ್ನೇ ಮಾಡಿದರು, ಶಾಲೆ ಮುಚ್ಚಿಸಿದರು. ಆಮೇಲೆ ಪಟೇಲರ ಮನೆಗೆ ಬಂದು ಅಜ್ಜಿಯ ಎದುರು ಕೂತು, ಸರವನ್ನು ಮನೆಮನೆಗೆ ಕಳಿಸಬೇಡಿ ಎಂದು ವಿನಯದಿಂದ ಕೇಳಿಕೊಂಡರು. ಪಟೇಲರು ಪಕ್ಕದಲ್ಲಿ ನಿಂತು ಆಚೆಯದನ್ನು ಈಚೆಗೆ, ಈಚೆಯದನ್ನು ಆಚೆಗೆ ಮಾಡಿ ಹೇಳುತ್ತಿದ್ದರು.

"ನೋಡಿ ಅಜ್ಜಿ, ಸರ ಹೋದ ಮನೆಗೆಲ್ಲ ರೋಗ ಹೋಗಿದೆ," ಎಂದರು ಆಫೀಸರು.

"ಅದನ್ನೇ ನಾನೂ ಹೇಳುದು. ಸರ ಹೋಯಿತು, ರೋಗವೂ ಹೋಯಿತು."

"ಹೋಗಿದೆ ಅಂದ್ರೆ ಹೋಗಿಬಿಟ್ಟಿದೆ ಅಂತಲ್ಲ. ಹೋಗಿ ಸೇರಿಕೊಂಡಿದೆ ಅಂತ."

ಅಜ್ಜಿ ಪಟೇಲರ ಕಡೆ ತಿರುಗಿ, ಇಷ್ಟು ಓದಿದವರಿಗೆ ಒಂದು ಮಾತು ನೆಟ್ಟಗೆ ಹೇಳಲು ಬರುವುದಿಲ್ಲವಲ್ಲ ಎಂದು ಮರುಗಿದರು. ಸರವನ್ನು ಮಾತ್ರ ವಾಪಸು ತರಿಸಿ ಪೆಟ್ಟಿಗೆಯಲ್ಲಿಟ್ಟರು. ಮನೆಗೆ ಬಂದು ಕೇಳಿದವರಿಗೆ ಇಲ್ಲ ಎನ್ನಲು ಅವರಿಗೆ ಬಾರದು, ಆಫೀಸರ ಮಾತಿಗೂ ಅಷ್ಟೇ.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಠಾಣೆಯಿಂದ ಸುದ್ದಿ ಬಂತು. ಸಬ್ಇನ್ಸ್‌ಪೆಕ್ಟರನ್ನು ಕೆಪ್ಪಟರಾಯ ಹಿಡಿದಿದ್ದ. ಊರು ಬಿಟ್ಟು ಬಂದವರು, ಮದುವೆಯಾಗಿರಲಿಲ್ಲ, ಗಂಜಿ ಬೇಯಿಸಿ ಕೊಡಲು ಮನೆಯಲ್ಲಿ ಯಾರೂ ಇಲ್ಲ. ಕಾನ್‌ಸ್ಟೇಬಲ್ ಇದನ್ನು ಜಗಲಿಯಲ್ಲಿ ಕೂತು ಹೇಳುತ್ತಿದ್ದಾಗ ಅಜ್ಜಿ ಎದ್ದು ಒಳಗೆ ಹೋದರು. ಪೆಟ್ಟಿಗೆ ತೆರೆದ ಸದ್ದು ಕೇಳಿತು. ಬಾಳೆಎಲೆಯಲ್ಲಿ ಸುತ್ತಿದ ಸರವನ್ನು ತಂದು ಕಾನ್‌ಸ್ಟೇಬಲನ ಕೈಯಲ್ಲಿಟ್ಟು, ಅವರಿಗೆ ಮಕ್ಕಳಿಲ್ಲ, ಹರಡುವುದಕ್ಕೆ ಯಾರೂ ಇಲ್ಲ, ಆಫೀಸರು ಬೇಡ ಹೇಳಿದ್ದು ಇದಕ್ಕೆ ಅನ್ವಯಿಸುವುದಿಲ್ಲ ಎಂದರು. ಜೊತೆಗೆ ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ. ಕೆಪ್ಪಟರಾಯ ಇರುವಾಗ ಹುಳಿ ತಿಂದರೆ ದವಡೆ ಸಿಡಿಯುತ್ತದೆ ಎಂದು ನಾನು ಹೇಳಿದೆ. ಅದು ಆಮೇಲಿಗೆ ಎಂದರು. ಸಬ್ಇನ್ಸ್‌ಪೆಕ್ಟರು ಆ ಸರವನ್ನು ಖಾಕಿ ಅಂಗಿಯ ಒಳಗೆ ಹಾಕಿಕೊಂಡೇ ಹಾಸಿಗೆ ಬಿಟ್ಟೇಳುವವರೆಗೆ ಇದ್ದರು ಎಂದು ಕಾನ್‌ಸ್ಟೇಬಲ್ ನಮಗೆಲ್ಲ ಹೇಳಿದ. ಗುಣವಾದ ಮೇಲೆ ಸರವನ್ನು ತಾವೇ ತಂದು ಅಜ್ಜಿಯ ಕೈಯಲ್ಲಿ ಕೊಟ್ಟು ಕಾಲಿಗೆ ಬಿದ್ದರು. ಈ ಸಲ ಬೆಲ್ಲ ನೀರು ಕುಡಿದೇ ಹೋದರು.

ಇದೆಲ್ಲ ಆದ ಮೇಲೆ ಹೆಲ್ತ್ ಆಫೀಸರು ತಾಲೂಕಿನ ಶಾಲೆಗಳವರನ್ನು ಪುತ್ತೂರಿಗೆ ಕರೆಸಿ, ಯಾವ ಕಾಯಿಲೆಗೆ ನಿಮ್ಮಲ್ಲಿ ಎಂತ ಹೆಸರು ಎಂದು ಕೇಳಿದರು. ಈಶ್ವರಮಂಗಲದ ಮಾಸ್ಟ್ರು ಮಲಯಾಳದ ಹೆಸರು ಹೇಳಿದರು, ಅರಂತೋಡಿನವರು ಅರೆಭಾಷೆಯದ್ದು, ನಾನು ತುಳುವಿನದ್ದು. ಮೂವರೂ ಒಂದೇ ಕಾಯಿಲೆಯ ವಿಷಯ ಹೇಳುತ್ತಿದ್ದೇವೆ ಎಂದು ತಿಳಿಯಲು ಬಹಳ ಹೊತ್ತು ಹಿಡಿಯಿತು. ಆಫೀಸರು ತಮ್ಮ ಕಡೆ ಸಿಡುಬಿಗೆ ಅಮ್ಮ ಬಂದಿದ್ದಾಳೆ ಎನ್ನುತ್ತೇವೆ ಎಂದರು.

"ನೀವು ಹಾಗೆ ಬರೆದರೆ ನಾವು ರಜೆ ಕೊಡ್ತೇವೆ ಸಾರ್," ಎಂದರು ಈಶ್ವರಮಂಗಲದವರು. "ಪೊಲೀಸರನ್ನು ಕಳಿಸುದಿಲ್ಲ."

ಎಲ್ಲರಿಗಿಂತ ಹೆಚ್ಚು ನಕ್ಕವರು ಆಫೀಸರೇ. ಹೆಸರು ಯಾವುದಾದರೂ ಇರಲಿ, ಮುಂದೆ ರೋಗ ಅಂತ ಒಂದು ಶಬ್ದ ಸೇರಿಸಿ ಬರೆಯಿರಿ, ಅದಕ್ಕಾಗಿ ಯಾರನ್ನೂ ಎಲ್ಲಿಗೂ ವರ್ಗ ಮಾಡುವುದಿಲ್ಲ ಎಂದರು. ನಮ್ಮ ಹೆಡ್ಮಾಸ್ಟ್ರು ಎದ್ದು ನಿಂತು, ಅದನ್ನು ಇನ್ನೊಮ್ಮೆ ಹೇಳಬೇಕು ಎಂದು ಕೇಳಿಕೊಂಡರು.

ಅಂದಿನಿಂದ ಅವರು ಬೇರೆ ಮನುಷ್ಯರಾದರು. ಕಜ್ಜಿ ರೋಗ ಎಂದು ಬರೆದರು, ರೆಪ್ಪೆಯ ಮೇಲೇಳುವ ಕಣ್ಣುಕುಟ್ಟಿಗೂ ರೋಗ ಎಂದು ಬರೆದರು, ಐದನೇ ಕ್ಲಾಸಿನವರಿಗೆ ಒಟ್ಟಾಗಿ ಶೀತ ರೋಗ ಬಂದಿರುತ್ತದೆ ಎಂದು ಬರೆದರು. ಇಷ್ಟು ವರ್ಷ ಕಟ್ಟಿಟ್ಟದ್ದನ್ನೆಲ್ಲ ಬಿಚ್ಚಿದ ಹಾಗೆ ಅಂಚೆಯವನ ಕೈಯಲ್ಲಿ ಕಾಗದ ಕೊಟ್ಟೇ ಕೊಟ್ಟರು. ಇದು ಜಾಸ್ತಿಯಾಗುವುದಿಲ್ಲವಾ ಎಂದು ನಾನು ಒಮ್ಮೆ ಆಫೀಸರನ್ನು ಕೇಳಿದೆ. "ಬರೀಲಿ ಬಿಡಿ," ಎಂದರು. "ಬರೆಯದೆ ಇರೋರ ಹತ್ರ ಬರೆಸೋದು ಕಷ್ಟ. ಬರೆಯೋರನ್ನ ನಿಲ್ಲಿಸಬಾರದು."

ಮುಂದಿನ ಬೇಸಿಗೆಯಲ್ಲಿ ರಸ್ತೆ ಕೆಲಸಕ್ಕೆ ಹೊರಗಿನಿಂದ ಒಂದು ಗುಂಪು ಬಂದು ಹೊಳೆಬದಿಯಲ್ಲಿ ಜೋಪಡಿ ಹಾಕಿತು. ಒಂದು ಬೆಳಿಗ್ಗೆ ಶಾಲೆಗೆ ಬರುವಾಗ ಹೆಡ್ಮಾಸ್ಟ್ರು ಅಲ್ಲಿ ಒಬ್ಬ ಗಂಡಸು ಕಂಬಳಿ ಹೊದ್ದು ಮಲಗಿರುವುದನ್ನೂ ಅವನ ಮುಖದ ಮೇಲಿನ ಬೊಕ್ಕೆಗಳನ್ನೂ ನೋಡಿದರು. ಅರಂತೋಡಿನಲ್ಲಿ ನೋಡಿದ್ದು ಅವರಿಗೆ ಮರೆತಿರಲಿಲ್ಲ. ಆ ದಿನ ಅವರು ತಮಾಷೆ ಮಾತಾಡಲಿಲ್ಲ, ನನ್ನ ಕೈಯಲ್ಲಿ ಬರೆಸಲೂ ಇಲ್ಲ. ನಿಂತುಕೊಂಡೇ ನಾಲ್ಕು ಸಾಲು ಬರೆದು, ಅಂಚೆಗೆ ಕಾಯದೆ, ತಾವೇ ಹೊಳೆ ದಾಟಿ, ಪುತ್ತೂರಿಗೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳಿಸಿದರು. ಶೀತಕ್ಕೂ ಕಜ್ಜಿಗೂ ಬರದಿದ್ದ ಆಫೀಸರು ಸಂಜೆಯೊಳಗೆ ದೋಣಿಕಡವಿನಲ್ಲಿದ್ದರು. ಸಿಡುಬೇ ಎಂದರು.

ದಾಕು ಹಾಕುವವರು ಬಂದಾಗ ಈ ಸಲ ಯಾರೂ ಗುಡ್ಡ ಹತ್ತಲಿಲ್ಲ, ಯಾಕೆಂದರೆ ಮೊದಲು ತೋಳು ಕೊಟ್ಟವರು ಅಜ್ಜಿ. ಎರಡನೆಯವರು ಹೆಡ್ಮಾಸ್ಟ್ರು. ಅವರು ತೋಳು ಒಂದು ಕಡೆ ಚಾಚಿ, ಮುಖ ಇನ್ನೊಂದು ಕಡೆ ತಿರುಗಿಸಿ, ಕಣ್ಣು ಮುಚ್ಚಿಕೊಂಡು, "ಟೀಚರ್, ಇವತ್ತು ಹಾಜರಿ ಎಷ್ಟುಂಟು?" ಎಂದು ಕೇಳುತ್ತಲೇ ಇದ್ದರು. ನಾನು ಹೇಳಿದೆ, ಮತ್ತೆ ಕೇಳಿದರು, ಮತ್ತೆ ಹೇಳಿದೆ. ಎಲ್ಲ ಮಕ್ಕಳೂ ಬಂದಿದ್ದರು.

ಊರಿನಲ್ಲಿ ಬೇರೆ ಯಾರಿಗೂ ಸಿಡುಬು ಬರಲಿಲ್ಲ. ಆ ಗಂಡಸು ಬಹಳ ದಿನ ಜೋಪಡಿಯಲ್ಲಿ ಬೇರೆಯಾಗಿ ಮಲಗಿ ಬದುಕಿಕೊಂಡ. ಮುಖದ ತುಂಬ ಕಲೆ ಉಳಿಯಿತು. ಮಳೆಗೆ ಮೊದಲು ಅವರ ಗುಂಪು ಸುಳ್ಯದ ಕಡೆ ಹೊರಟಾಗ ಅವನು ಹೇಳಿ ಹೋಗಲೆಂದು ಶಾಲೆಯ ಅಂಗಳದವರೆಗೆ ಬಂದು, ಒಳಗೆ ಬರಲು ಅಳುಕಿ ನಿಂತ. ಹೆಡ್ಮಾಸ್ಟ್ರು ಪಾಠ ನಿಲ್ಲಿಸಿ ಹೊರಗೆ ಹೋಗಿ, ಅವನ ಕೈಹಿಡಿದು ಒಳಗೆ ಕರೆತಂದು ತಮ್ಮ ಕುರ್ಚಿಯಲ್ಲಿ ಕೂರಿಸಿದರು. ಮಕ್ಕಳು ಅವನ ಮುಖವನ್ನು ನೋಡುತ್ತಿದ್ದರು. ಅವನು ಸ್ವಲ್ಪ ಹೊತ್ತು ಗೋಡೆಯ ಭೂಪಟ ನೋಡುತ್ತ ಕೂತು, ತನ್ನ ಊರಿನ ಹೆಸರು ಹೇಳಿ ಅದು ಎಲ್ಲಿ ಬರುತ್ತದೆ ಎಂದು ಕೇಳಿದ. ಹೆಡ್ಮಾಸ್ಟ್ರು ಬೆತ್ತದ ತುದಿಯಿಂದ ಆ ಜಾಗ ತೋರಿಸಿಕೊಟ್ಟರು.